ಶಾಲೆಯಲ್ಲಿ ‘ಸುರಕ್ಷತೆ ಪಾಠ’ ಮಾಡಿದರೆ ಮಕ್ಕಳು ಹಾಳಾಗುತ್ತಾರಾ?

ನಿಮ್ಮ ಪ್ರಶ್ನೆ ಇಷ್ಟು: ಮಗಳು ಎಂಟನೇ ಕ್ಲಾಸು, ಹೊಸನಗರದ ಕಡೆ ಶಾಲೆ. ಮಕ್ಕಳ ಸುರಕ್ಷತೆ, ಹುಡುಗ ಹುಡುಗಿಯರ ಸ್ನೇಹ, ಇಂಥದ್ದರ ಬಗ್ಗೆ ತರಗತಿ ಶುರು ಮಾಡುತ್ತಾರಂತೆ. ಪೋಷಕರ ಸಭೆಯಲ್ಲಿ ಅರ್ಧ ಜನ ‘ಬೇಡ, ಗೊತ್ತಿಲ್ಲದ್ದನ್ನು ಶಾಲೆಯೇ ಹೇಳಿಕೊಟ್ಟ ಹಾಗಾಗುತ್ತದೆ’ ಅಂದರು. ಕಳಿಸಲಾ ಬೇಡವಾ, ಒಳಗೆ ಏನು ಹೇಳಿಕೊಡುತ್ತಾರೆ, ನಾನೂ ಹೋಗಿ ಕೂರಬಹುದಾ ಅಂತ ಕೇಳಿದ್ದೀರಿ.

ಕಳಿಸಿ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಈ ತರಗತಿ ನನ್ನ ತಲೆಗೇ ಬಂತು. ಸಂತಾನೋತ್ಪತ್ತಿ ಪಾಠ ಮಾಡುವವಳು ನಾನೇ ಅಲ್ವಾ, ಇದೂ ಅದೇ ಇರಬೇಕು ಅಂದುಕೊಂಡರು ಎಲ್ಲರೂ. ಅದಲ್ಲ. ದೇಹದ ಮಾತು ಇದರಲ್ಲಿ ಬರುವುದು ಸ್ವಲ್ಪ. ಜಾಸ್ತಿ ಹೊತ್ತು ಹೋಗುವುದು ‘ಬೇಡ’ ಅಂತ ಹೇಗೆ ಹೇಳಬೇಕು, ಬೇರೆಯವರು ಬೇಡ ಅಂದಾಗ ಹೇಗೆ ಕೇಳಿಸಿಕೊಳ್ಳಬೇಕು, ಏನಾದರೂ ಆದರೆ ಯಾರ ಹತ್ತಿರ ಹೋಗಿ ಹೇಳಬೇಕು ಅನ್ನುವುದಕ್ಕೆ. ಮೂರನೆಯದೇ ಕಷ್ಟ, ಮತ್ತು ಅದು ಮಕ್ಕಳಿಗಿಂತ ಜಾಸ್ತಿ ಅಪ್ಪ ಅಮ್ಮಂದಿರ ಪಾಠ. ಅಲ್ಲಿಗೆ ಬರುತ್ತೇನೆ.

ಎಂಟನೇ ಕ್ಲಾಸಿನವರಿಗೆ ಏನೂ ಗೊತ್ತಿಲ್ಲ ಅನ್ನುವುದು ನಮ್ಮ ಭ್ರಮೆ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಗುಡ್ಡ ಹತ್ತಿ ಕೂತು ನೋಡುತ್ತಾರೆ. ಗೊತ್ತಿದೆ, ಆದರೆ ಅರ್ಧಂಬರ್ಧ, ಅದೂ ತಪ್ಪು ತಪ್ಪಾಗಿ. ಈ ಜಗಳ ಹೊಸದೂ ಅಲ್ಲ. 2007ರ ಹೊತ್ತಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಬಂದು, ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದ್ದವು. ಆಮೇಲೆ 2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಅದರ 11 ವಿಷಯಗಳಲ್ಲಿ ಪರಸ್ಪರ ಸಂಬಂಧ, ಹಿಂಸೆಯಿಂದ ರಕ್ಷಣೆ, ಇಂಟರ್ನೆಟ್ಟಿನ ಸುರಕ್ಷಿತ ಬಳಕೆ ಮೂರೂ ಇವೆ. ಹಾಗಾಗಿ ನಿಮ್ಮ ಶಾಲೆಯ ಮೇಷ್ಟ್ರು ಸುಮ್ನೆ ಎಲ್ಲಿಂದಲೋ ತಂದದ್ದಲ್ಲ ಇದು.

ಇನ್ನು ಏನು ಹೇಳಿಕೊಡುತ್ತೇವೆ ಅನ್ನುವುದು. ಮನೆಯಲ್ಲಿ ನಾವೆಲ್ಲ ಹೇಳುವ ಬುದ್ಧಿಮಾತು ಒಂದೇ, ಗುರುತಿಲ್ಲದವರು ಚಾಕೊಲೇಟ್ ಕೊಟ್ಟರೆ ತಗೋಬೇಡ. ಅದು ಸಾಲದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,000ಕ್ಕೂ ಜಾಸ್ತಿ ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಯನ ಹೊರತಂದಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಇನ್ನೊಂದು ಮಾತು, ಹೀಗೆ ಅನುಭವಿಸಿದವರಲ್ಲಿ ಗಂಡುಮಕ್ಕಳೇ ಸ್ವಲ್ಪ ಜಾಸ್ತಿ ಇದ್ದರು. ‘ನಮಗೆ ಮಗ, ನಮಗೇನು’ ಅನ್ನುವ ಅಪ್ಪಂದಿರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ನಮ್ಮ ಕಡೆ ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಮನೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ರಾತ್ರಿ ಹನ್ನೊಂದಾದರೂ ಅಡಿಕೆ ಸುಲಿಯುತ್ತಿರುತ್ತಾರೆ. ನೆಂಟರು, ಅಕ್ಕಪಕ್ಕದವರು, ಕೆಲಸದವರು, ಮನೆ ತುಂಬ ಜನ. ಯಾವ ಮಗು ಎಲ್ಲಿ ಮಲಗಿತು ಅಂತ ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಕೆಲಸಕ್ಕೆ ಬಂದವರನ್ನು ಅನುಮಾನಿಸಿ ಅಂತ ಹೇಳುತ್ತಿಲ್ಲ, ನೆಂಟರಿಗೂ ಅದೇ ಮಾತು. ತೊಂದರೆ ಕೊಡುವವರು ಮೊದಲ ದಿನವೇ ಕೆಟ್ಟವರ ಹಾಗೆ ಬರುವುದಿಲ್ಲ. ಜಾಸ್ತಿ ಮುದ್ದು ಮಾಡುತ್ತಾರೆ, ಏನಾದರೂ ತಂದುಕೊಡುತ್ತಾರೆ, ಆಟಕ್ಕೆ ಫೋನ್ ಕೊಡುತ್ತಾರೆ, ಆಮೇಲೆ ‘ಇದು ನಮ್ಮಿಬ್ಬರಲ್ಲೇ ಇರಲಿ’ ಅನ್ನುತ್ತಾರೆ. ಅದಕ್ಕೆ ನಾನು ಮಕ್ಕಳಿಗೆ ಹೇಳುವುದು ಹೀಗೆ. ಅಕ್ಕನ ಹುಟ್ಟುಹಬ್ಬಕ್ಕೆ ಏನು ತಂದಿದ್ದೇವೆ ಅಂತ ಹೇಳಬೇಡ ಅಂದರೆ ಪರವಾಗಿಲ್ಲ, ಅದು ನಾಳೆ ಎಲ್ಲರಿಗೂ ಗೊತ್ತಾಗುವ ಗುಟ್ಟು. ಯಾವತ್ತೂ ಯಾರಿಗೂ ಹೇಳಬೇಡ ಅಂತ ದೊಡ್ಡವರು ಅಂದರೆ, ಅದನ್ನು ಅವತ್ತೇ ಹೇಳಬೇಕು. ಯಾರು ಅಂದರೂ ಸರಿ. ಟೀಚರ್ ಅಂದರೂ.

ಮಕ್ಕಳಿಗೆ ಇಷ್ಟ ಆಗುವುದು ಬಸ್ಸಿನ ಆಟ. ಬೆಂಚುಗಳನ್ನು ಎರಡು ಸಾಲು ಮಾಡಿ, ನಡುವೆ ಇಕ್ಕಟ್ಟಾಗಿ ಜಾಗ ಬಿಟ್ಟು, ಅದೇ ಬಸ್ಸು ಅಂದುಕೊಳ್ಳುತ್ತೇವೆ. ಜುಲೈ ತಿಂಗಳ ಬೆಳಗಿನ ಬಸ್ಸು, ಕಿಟಕಿ ಎಲ್ಲ ಮುಚ್ಚಿದೆ, ಒದ್ದೆ ಕೊಡೆಗಳು, ಕಾಲಿಡಲು ಜಾಗ ಇಲ್ಲ. ಒಬ್ಬ ಹುಡುಗ ಕಂಡಕ್ಟರ್. ‘ಒಳಗೆ ಹೋಗಿ, ಒಳಗೆ ಹೋಗಿ’ ಅಂತ ಕೂಗಲು ಅವನಿಗೆ ಖುಷಿಯೋ ಖುಷಿ. ಬೇಕಂತಲೇ ತೀರಾ ಹತ್ತಿರ ಬಂದು ನಿಲ್ಲುವ ಪ್ರಯಾಣಿಕ ನಾನು. ಹುಡುಗಿ ಮಾಡಬೇಕಾದ್ದು ಒಂದೇ ಕೆಲಸ, ಬಸ್ಸಿಗೆಲ್ಲ ಕೇಳುವ ಹಾಗೆ ‘ಹಿಂದೆ ಸರಿದು ನಿಲ್ಲಿ’ ಅನ್ನಬೇಕು. ಆಗುವುದಿಲ್ಲ! ಪ್ರಾರ್ಥನೆ ಹೊತ್ತಿಗೆ ಮೈಕಿಲ್ಲದೆ ಇಡೀ ಅಂಗಳಕ್ಕೆ ಕೇಳುವ ಹಾಗೆ ಹಾಡುವ ಹುಡುಗಿಗೂ ಗಂಟಲು ಕಟ್ಟುತ್ತದೆ. ನೆಲ ನೋಡಿಕೊಂಡು ‘ಅಣ್ಣಾ, ಸ್ವಲ್ಪ...’ ಅನ್ನುತ್ತಾಳೆ, ಅಂದು ನಗುತ್ತಾಳೆ. ಆ ‘ಅಣ್ಣಾ’ ಮತ್ತು ಆ ನಗು, ಎರಡನ್ನೂ ಬಿಡಿಸಲು ಒಂದು ಪೀರಿಯಡ್ಡೇ ಹೋಗುತ್ತದೆ. ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ನಾವೇ ಹುಟ್ಟಿದಾಗಿನಿಂದ ಹೇಳಿಕೊಟ್ಟಿದ್ದೇವಲ್ಲ. ಪಕ್ಕದಲ್ಲಿ ನಿಂತ ಹುಡುಗರಿಗೂ ಪಾತ್ರ ಇದೆ: ನೋಡಿ ಸುಮ್ಮನಿರಬಾರದು, ‘ನೀನು ಈ ಕಡೆ ಬಾ’ ಅಂತ ಜಾಗ ಬದಲಾಯಿಸಬೇಕು, ಕಂಡಕ್ಟರಿಗೆ ಹೇಳಬೇಕು. ಕೊನೆಗೆ ಒಂದು ಮಾತು ತಪ್ಪದೆ ಹೇಳುತ್ತೇನೆ, ಭಯಕ್ಕೆ ಬಾಯಿ ಬರದೇ ಹೋದರೆ ಅದು ನಿನ್ನ ತಪ್ಪಲ್ಲ, ಆಮೇಲೆ ಬಂದು ಹೇಳಿದರೂ ಆಯಿತು.

ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆ ಒಂದಿದೆ. ಅದರಲ್ಲಿ ಬರುವ ಪ್ರಶ್ನೆ ನೋಡಿದರೆ ‘ಮಕ್ಕಳು ಹಾಳಾಗುತ್ತಾರೆ’ ಅನ್ನುವವರು ಸುಮ್ಮನಾಗುತ್ತಾರೆ. ಒಂದರಲ್ಲಿ ಹೀಗಿತ್ತು: ‘ಅವಳು ಬ್ಲಾಕ್ ಮಾಡಿದ್ದಾಳೆ, ಮಾಮನ ಫೋನಿಂದ ಮೆಸೇಜ್ ಮಾಡಬಹುದಾ?’ ಕೆಟ್ಟ ಹುಡುಗ ಬರೆದದ್ದಲ್ಲ ಇದು. ಅವನು ನೋಡಿದ ಸಿನಿಮಾಗಳಲ್ಲೆಲ್ಲ ಹೀರೊ ಹಿಂದೆ ಬಿದ್ದೇ ಬೀಳುತ್ತಾನೆ, ಹುಡುಗಿ ಬೈದು ಬೈದು ಕೊನೆಗೆ ಒಪ್ಪುತ್ತಾಳೆ. ಬೇಡ ಅಂದರೆ ಬೇಡ, ಬ್ಲಾಕ್ ಮಾಡಿದ್ದೇ ಉತ್ತರ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಅದನ್ನೂ ಹೇಳಿದೆ, ಹೆಣ್ಣುಮಗಳು ಬೇಡ ಅಂದ ಮೇಲೂ ಹಿಂದೆ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅಪರಾಧ ಅಂತಲೂ ಹೇಳಿದೆ. ಆದರೆ ಕಾನೂನಿಗಿಂತ ಜಾಸ್ತಿ ಹೊತ್ತು ಮಾತಾಡಿದ್ದು ಅವಮಾನ ಆದಾಗ ಏನು ಮಾಡಬೇಕು ಅನ್ನುವುದರ ಬಗ್ಗೆ. ಹುಡುಗರ ಜೊತೆ ಈ ಮಾತನ್ನು ಯಾರೂ ಆಡುವುದಿಲ್ಲ. ಹಾಗೇ ಹುಡುಗಿಯರಿಗೆ, ‘ಯಾರ ಜೊತೆ ಮಾತಾಡಿದೆ, ಪಾಸ್‌ವರ್ಡ್ ಕೊಡು, ಆ ಫ್ರೆಂಡ್ ಬಿಡು’ ಅನ್ನುವುದು ಪ್ರೀತಿ ಅಲ್ಲ, ಕಾವಲು. ಇದನ್ನು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಆಗುತ್ತದೆ, ಅಂದರೆ ಯಾರಿಗೋ ತಾಗಿತು ಅಂತ ಅರ್ಥ.

ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಪೋಕ್ಸೋ ಬಗ್ಗೆ ನೇರವಾಗಿ ಹೇಳಬೇಕು. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯ್ದೆ ಅದು. 18 ತುಂಬದವರೆಲ್ಲ ಅದರ ಲೆಕ್ಕದಲ್ಲಿ ಮಕ್ಕಳು, ಅವರು ಒಪ್ಪಿದ್ದರು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಕೇಸಿಗೆ ಸಿಕ್ಕಿಕೊಂಡ ಹದಿನೇಳು ಹದಿನೆಂಟರ ಹುಡುಗರು ಎಷ್ಟೋ ಜನ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂಥದ್ದೇ ಒಂದು ಪ್ರಕರಣದಲ್ಲಿ, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಿಕೊಡಿ ಅಂತ ಶಿಕ್ಷಣ ಇಲಾಖೆಗೆ ಸೂಚಿಸಿತು. ಫೋಟೊ ಕೇಳುವುದು, ಕಳಿಸುವುದು, ಬಂದ ಫೋಟೊವನ್ನು ಗ್ರೂಪಿಗೆ ಹಾಕುವುದು, ಇವೂ ಬರುತ್ತವೆ. ಫೋಟೊ ಇಟ್ಟುಕೊಂಡು ಹೆದರಿಸಿದರೆ ದುಡ್ಡು ಕೊಡಬೇಡಿ, ಬೆದರಿಕೆ ಮೆಸೇಜುಗಳನ್ನು ಅಳಿಸಬೇಡಿ, ದೊಡ್ಡವರಿಗೆ ಹೇಳಿ, ಸೈಬರ್ ಸಹಾಯವಾಣಿ 1930.

ದೊಡ್ಡವರಿಗೆ ಹೇಳಿ ಅಂತ ಹೇಳುವುದು ಸುಲಭ. ಮಕ್ಕಳು ಹೇಳುವುದಿಲ್ಲ. ಯಾಕೆ ಅಂತ ಇನ್ನೊಂದು ಚೀಟಿಯಲ್ಲಿತ್ತು: ‘ಬಸ್ಸಲ್ಲಿ ತೊಂದರೆ ಅಂತ ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸುತ್ತಾರೆ.’ ಅಷ್ಟೇ. ಪ್ರಶ್ನೆಯೂ ಅಲ್ಲ. ಕಾಡುದಾರಿಯಲ್ಲಿ ನಡೆದು ಬಂದು ಬಸ್ಸು ಹಿಡಿದು ಶಾಲೆಗೆ ಬರುವ ಹುಡುಗಿಯರಿಗೆ ಇದು ಸುಮ್ನೆ ಭಯ ಅಲ್ಲ, ನಿಜವಾಗಿಯೂ ನಡೆಯುತ್ತದೆ. ತೊಂದರೆ ಕೊಟ್ಟವನು ಅದೇ ಬಸ್ಸಿನಲ್ಲಿ ಆರಾಮಾಗಿ ಓಡಾಡುತ್ತಾನೆ, ಹುಡುಗಿ ಮನೆಯಲ್ಲಿ ಕೂರುತ್ತಾಳೆ. ಸ್ವಲ್ಪ ದಿನಕ್ಕೆ ಮದುವೆ ಮಾತು ಶುರು. (ಕರ್ನಾಟಕದಲ್ಲಿ ಕಾನೂನು ತಿದ್ದುಪಡಿ ಆದ ಮೇಲೆ ಬಾಲ್ಯವಿವಾಹ ಮೊದಲಿಗೇ ಅಸಿಂಧು ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ.) ಹುಡುಗರದ್ದು ಬೇರೆ, ಹೇಳಿದರೆ ‘ಗಂಡಸಲ್ವಾ ನೀನು’ ಅಂತ ನಗುತ್ತಾರೆ. ಫೋನಿನ ವಿಷಯ ಆದರೆ ಇಬ್ಬರಿಗೂ ಒಂದೇ, ಫೋನ್ ಕಿತ್ತುಕೊಳ್ಳುತ್ತೇವೆ. ಹೇಳಿದವರಿಗೇ ಶಿಕ್ಷೆ ಆದರೆ ಯಾರು ತಾನೇ ಹೇಳುತ್ತಾರೆ? ನಾನು ವರ್ಷವಿಡೀ ಪಾಠ ಮಾಡಿದರೂ, ಮನೆಯಲ್ಲಿ ಆ ಒಂದು ಸಂಜೆ ಹೇಗೆ ನಡೆಯುತ್ತದೆ ಅನ್ನುವುದರ ಮೇಲೆ ನಿಂತಿದೆ ಎಲ್ಲ.

ಆದ್ದರಿಂದ ಮಗಳು ಏನಾದರೂ ಹೇಳಿದರೆ ಮೊದಲು ಪೂರ್ತಿ ಕೇಳಿ. ‘ನೀನ್ಯಾಕೆ ಅಲ್ಲಿಗೆ ಹೋದೆ’, ‘ಆಗಲೇ ಯಾಕೆ ಹೇಳಲಿಲ್ಲ’ ಎರಡೂ ಬೇಡ. ಹೇಳಿದ್ದು ಒಳ್ಳೆಯದಾಯಿತು ಅನ್ನಿ. ಶಾಲೆ ಬಿಡಿಸುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ, ಅದು ಅವಳಿಗೆ ತಾನಾಗಿ ಅರ್ಥ ಆಗುವುದಿಲ್ಲ. ಮತ್ತೆ ಮತ್ತೆ ಕೆದಕಿ ಕೇಳಬೇಡಿ, ಅಜ್ಜಿಗೊಂದು ಸಲ ಚಿಕ್ಕಮ್ಮನಿಗೊಂದು ಸಲ ಹೇಳಿಸಬೇಡಿ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ತುರ್ತು ಇದ್ದರೆ 112.

ಊರಲ್ಲಿ ಪಂಚಾಯಿತಿ ಸೇರಿ ಮುಗಿಸೋಣ, ಮರ್ಯಾದೆ ಪ್ರಶ್ನೆ ಅಂತ ಯಾರಾದರೂ ಬರುತ್ತಾರೆ. ಬಂದೇ ಬರುತ್ತಾರೆ. ಅವರಿಗೆ ಹೇಳಿ, ಪೋಕ್ಸೋದಲ್ಲಿ ಗೊತ್ತಿದ್ದೂ ದೂರು ಕೊಡದಿರುವುದೇ ಅಪರಾಧ. ಆರು ತಿಂಗಳವರೆಗೆ ಜೈಲು ಆಗಬಹುದು, ತಮ್ಮ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ನನಗೂ ಹೆಡ್‌ಮಾಸ್ಟರಿಗೂ ಇದೇ ಅನ್ವಯ, ಹಾಗಾಗಿ ಮಗು ನಮಗೆ ಹೇಳಿದರೆ ನಾವು ‘ನಮ್ಮಲ್ಲೇ ಇರಲಿ’ ಅಂತ ಮಾತು ಕೊಡುವುದಿಲ್ಲ, ಅದನ್ನು ಮಕ್ಕಳಿಗೆ ಮೊದಲೇ ತಿಳಿಸಿರುತ್ತೇವೆ. ಪೊಲೀಸ್ ಅಂದರೆ ಹೆದರುವವರಿಗೆ ಇನ್ನೊಂದು ಮಾತು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆದಷ್ಟು ಮಹಿಳಾ ಅಧಿಕಾರಿಯೇ, ಯೂನಿಫಾರ್ಮ್ ಇಲ್ಲದೆ ಬರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಸರು, ಫೋಟೊ, ಶಾಲೆ, ಊರು ಯಾವುದೂ ಪೇಪರಿನಲ್ಲಿ ಬರುವ ಹಾಗಿಲ್ಲ.

ಇನ್ನು ನೀವು ಹೋಗಿ ಕೂರುವುದು. ಮಕ್ಕಳ ತರಗತಿಯಲ್ಲಿ ಬೇಡ. ಅಮ್ಮ ಹಿಂದೆ ಕೂತಿದ್ದರೆ ಯಾರೂ ಬಾಯಿ ಬಿಡುವುದಿಲ್ಲ, ನಿಮ್ಮ ಮಗಳಂತೂ ಮೊದಲೇ ಬಿಡುವುದಿಲ್ಲ. ಪೋಷಕರಿಗೆ ಬೇರೆ ಸಭೆ ಮಾಡಿ ಅಂತ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ಕೇಳಿ. ಅಲ್ಲಿ ‘ಇದನ್ನೆಲ್ಲ ಯಾಕೆ ಹೇಳಿಕೊಡುತ್ತೀರಿ’ ಅಂತ ಕೇಳುವ ಬದಲು ಬೇರೆ ಕೇಳಿ. ಗಂಡುಮಕ್ಕಳಿಗೂ ಇದೆಯಾ? ಚೀಟಿ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತಾರೆ? ಶಾಲೆಯವರ ಮೇಲೇ ದೂರು ಬಂದರೆ ಅದನ್ನು ಓದುವವರು ಯಾರು? ಕೊನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ನಡಾವಳಿಯಲ್ಲಿ ಬರೆಸಿ. ಮತ್ತೆ ಸಭೆಯನ್ನು ದೀಪಾವಳಿಗೆ ಮೊದಲೇ ಇಡಿಸಿ. ಕೊಯ್ಲು ಶುರುವಾದ ಮೇಲೆ ಕರೆದರೆ ಅಪ್ಪಂದಿರು ಒಬ್ಬರೂ ಬರುವುದಿಲ್ಲ, ಈ ಸಭೆಗೆ ಅವರೇ ಬೇಕು.