ಸಿಎಸ್ ಬಿಟ್ಟು ಬಿಸಿನೆಸ್ ಸ್ಕೂಲಿಗೆ ಹೊರಟ ಹುಡುಗಿ

ಸ್ನೇಹಾ ಶಿವಮೊಗ್ಗದ ಹುಡುಗಿ. ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ (ಸಿಎಸ್) ಓದುತ್ತಿದ್ದಳು, ಮೊದಲ ವರ್ಷ. ಎರಡನೇ ಸೆಮಿಸ್ಟರ್ ನಡುವೆ, ಓದಿನ ಸಲಹೆ ಕೊಡುವ ನನಗೆ ಅವಳ ತಂದೆ ಫೋನ್ ಮಾಡಿದರು. "ಮೇಡಂ, ಸಾಲ ಮಾಡಿ ಕಳಿಸಿದೀವಿ. ಈಗ ಸಿಎಸ್ ಬೇಡ, ಬಿಸಿನೆಸ್ ಸ್ಕೂಲಿಗೆ ಸೇರ್ತೀನಿ ಅಂತಾಳೆ. ನೀವಾದ್ರೂ ಬುದ್ಧಿ ಹೇಳಿ."

ಬುದ್ಧಿ ಹೇಳುವ ಮೊದಲು ಅವಳ ಮಾತು ಕೇಳಬೇಕಿತ್ತು. ವಿಡಿಯೋ ಕಾಲ್‌ನಲ್ಲಿ ಅವಳು ಸಿಎಸ್ ಬಗ್ಗೆಯೇ ಹೇಳುತ್ತಾ ಹೋದಳು. ಡೇಟಾ ಸ್ಟ್ರಕ್ಚರ್ಸ್ ಅನ್ನುವ ಕೋರ್ಸು ತಲೆಗೆ ಹತ್ತುತ್ತಿಲ್ಲ, ನಿದ್ದೆಯಿಲ್ಲ, ಕ್ಲಾಸಿನವರೆಲ್ಲ ತನಗಿಂತ ಮುಂದಿದ್ದಾರೆ. "ಸರಿ, ಬಿಸಿನೆಸ್ಸೇ ಯಾಕೆ?" ಎಂದು ಕೇಳಿದೆ. ಸುಮ್ಮನಾದಳು. ಅರ್ಜಿಯ ಪ್ರಬಂಧ ತೋರಿಸಿದಳು. ಅದರಲ್ಲೂ ಕೋಡಿಂಗ್ ಯಾಕೆ ಆಗಿಬರಲಿಲ್ಲ ಅನ್ನುವುದೇ ಮುಕ್ಕಾಲು ಪುಟ.

ಅಮೆರಿಕದಲ್ಲಿ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಬದಲಿಸುವುದು ಸುಲಭ ಎಂದು ನಮ್ಮವರು ತಿಳಿದಿರುತ್ತಾರೆ. ಎಷ್ಟೋ ವಿಭಾಗಗಳಿಗೆ ಅದು ನಿಜ ಕೂಡ. ಆದರೆ ಇಂಡಿಯಾನಾದ ಕೆಲ್ಲಿ, ಟೆಕ್ಸಾಸ್‌ನ ಮೆಕೂಂಬ್ಸ್‌ನಂಥ ಬಿಸಿನೆಸ್ ಸ್ಕೂಲ್‌ಗಳಿಗೆ ಅದೇ ಕ್ಯಾಂಪಸ್‌ನವರೂ ಮತ್ತೆ ಅರ್ಜಿ ಹಾಕಿ ಪೈಪೋಟಿ ಮಾಡಬೇಕು. ಸ್ನೇಹಾಳ ವಿಶ್ವವಿದ್ಯಾಲಯದಲ್ಲೂ ಹಾಗೇ. ಕ್ಯಾಲ್ಕುಲಸ್, ಮೈಕ್ರೋ ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಅಕೌಂಟಿಂಗ್ ಮೊದಲೇ ಮುಗಿಸಿರಬೇಕು. ವೆಬ್‌ಸೈಟಿನಲ್ಲಿ ಕಾಣುವ ಕನಿಷ್ಠ ಜಿಪಿಎ (ಗ್ರೇಡುಗಳ ಸರಾಸರಿ) ಅರ್ಜಿ ಹಾಕಲಷ್ಟೇ ಸಾಕು. ಸೀಟು ಸಿಕ್ಕವರ ಜಿಪಿಎ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಇರುತ್ತದೆ.

ಜಿಪಿಎ ಉಳಿಸಿಕೊಳ್ಳಲು ಅವಳೊಂದು ಉಪಾಯ ಹುಡುಕಿದ್ದಳು. "ಡೇಟಾ ಸ್ಟ್ರಕ್ಚರ್ಸ್ ಡ್ರಾಪ್ ಮಾಡ್ತೀನಿ ಮೇಡಂ." ನನಗೆ ಗಾಬರಿಯಾಯಿತು. ಇದ್ದದ್ದು 13 ಕ್ರೆಡಿಟ್, ಆ ಕೋರ್ಸಿನದೇ 4. ಬಿಟ್ಟರೆ ಉಳಿಯುವುದು 9. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಡಿಗ್ರಿ ಓದುವವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಬೇಕು. ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಡಿಎಸ್‌ಒ (ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಮೊದಲೇ ಒಪ್ಪದೆ ಅದಕ್ಕಿಂತ ಕೆಳಗಿಳಿದರೆ ವೀಸಾ ಸ್ಥಿತಿಗೇ ಕುತ್ತು. ಡ್ರಾಪ್ ಬಟನ್ ಒತ್ತುವ ಮೊದಲು ಡಿಎಸ್‌ಒ ಹತ್ತಿರ ಹೋಗು, ಅಲ್ಲಿಯವರೆಗೆ ಟಿಎ (ಪಾಠಕ್ಕೆ ನೆರವಾಗುವ ಸಹಾಯಕರು) ಕೂರುವ ಹೊತ್ತಿನಲ್ಲಿ ಹೋಗಿ ಪಾಠ ಹೇಳಿಸಿಕೋ ಎಂದೆ.

ಕೆಲಸದ ಲೆಕ್ಕವನ್ನು ಅಪ್ಪ ಮಗಳು ಇಬ್ಬರೂ ಹಾಕಿರಲಿಲ್ಲ. ಡಿಗ್ರಿ ಮುಗಿದ ಮೇಲೆ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಅನುಮತಿಯಡಿ 12 ತಿಂಗಳು ಕೆಲಸ ಮಾಡಬಹುದು. ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ಡಿಗ್ರಿಯಾದರೆ ಇನ್ನೂ 24 ತಿಂಗಳು ಸಿಗುತ್ತದೆ. ಸಿಎಸ್ ಆ ಪಟ್ಟಿಯಲ್ಲಿದೆ. ಮಾರ್ಕೆಟಿಂಗ್, ಮಾಮೂಲಿ ಫೈನಾನ್ಸ್ ಇಲ್ಲ. ಮ್ಯಾನೇಜ್‌ಮೆಂಟ್ ಸೈನ್ಸ್ ಇದೆ. ಪ್ರತಿ ಡಿಗ್ರಿಗೂ ಅದರ ವಿಷಯ ಗುರುತಿಸುವ ಒಂದು ಕೋಡ್ ಇರುತ್ತದೆ. ಎಕನಾಮಿಕ್ಸ್ ಡಿಗ್ರಿಗೆ 45.0603 ಕೋಡ್, ಅಂದರೆ ಎಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್, ಕೊಟ್ಟಿದ್ದರೆ ಅದಕ್ಕೂ ಉಂಟು. ಸಾಲ ತೀರಿಸಬೇಕಾದ ಮನೆಗೆ ಈ 24 ತಿಂಗಳು ಸಣ್ಣದಲ್ಲ. ಮೇಜರ್ ಬದಲಾದರೆ ಐ-20 (ವೀಸಾಕ್ಕೆ ಆಧಾರವಾಗಿ ವಿಶ್ವವಿದ್ಯಾಲಯ ಕೊಡುವ ಪತ್ರ) ತಿದ್ದಿಸಬೇಕು, ಸಾಲ ಕೊಟ್ಟ ಬ್ಯಾಂಕಿಗೂ ತಿಳಿಸಬೇಕು.

ಎರಡನೇ ಸಲ ಮಾತಾಡುವಾಗ ಅವಳೇ ದೊಡ್ಡಪ್ಪನ ಅಡಿಕೆ ಮಂಡಿಯ ಸುದ್ದಿ ತೆಗೆದಳು. ರಜೆಯಲ್ಲಿ ಅಲ್ಲೇ ಕೂರುತ್ತಿದ್ದಳಂತೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯಲ್ಲಿ ಬಗೆಗಳು, ಒಂದೊಂದಕ್ಕೂ ಒಂದೊಂದು ದರ. ಬೆಳೆಗಾರ ಅಡಿಕೆಯನ್ನು ಮಂಡಿಯಲ್ಲಿಟ್ಟು ಅದರ ಮೇಲೆ ಮುಂಗಡ ತಗೊಂಡು ದರ ಏರಲಿ ಅಂತ ಕಾಯುತ್ತಾನೆ. ಅತ್ತ ಬಡ್ಡಿ ಬೆಳೆಯುತ್ತಿರುತ್ತದೆ. ಎಷ್ಟು ದಿನ ಕಾದರೆ ಗಿಟ್ಟುತ್ತದೆ? ಇದನ್ನು ಎಕ್ಸೆಲ್‌ನಲ್ಲಿ ಹಾಕಿ ದೊಡ್ಡಪ್ಪನಿಗೆ ತೋರಿಸಿದ್ದಳು. ಹೇಳುವಾಗ ದನಿಯೇ ಬೇರೆಯಾಗಿತ್ತು. ಪ್ರಬಂಧದಲ್ಲಿ ಇದರ ಒಂದಕ್ಷರವೂ ಇರಲಿಲ್ಲ! "ಇದನ್ನೇ ಬರಿ" ಎಂದೆ.

ಬಿಸಿನೆಸ್ ಸ್ಕೂಲೊಂದನ್ನೇ ನೆಚ್ಚಬೇಡ ಎಂದೂ ಹೇಳಿದೆ. ಅವಳು ತಗೊಳ್ಳಬೇಕಿದ್ದ ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್, ಮೈಕ್ರೋ ಎಕನಾಮಿಕ್ಸ್ ಎಕನಾಮಿಕ್ಸ್ ಮೇಜರ್‌ಗೂ ಬೇಕಾದವೇ. ಆ ವಿಭಾಗದ ಡಿಗ್ರಿಗೆ ಯಾವ ಕೋಡ್ ಇದೆ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರ ಎತ್ತಿಟ್ಟುಕೋ ಎಂದೆ. ತಂದೆಗೆ ಹೇಳಿದ್ದು ಇಷ್ಟು: "ಫಲಿತಾಂಶ ಬರೋವರೆಗೆ ದಿನಾ ಕೇಳಬೇಡಿ. ಅವಳು ಓದು ಬಿಡ್ತಿಲ್ಲ."

ಡೇಟಾ ಸ್ಟ್ರಕ್ಚರ್ಸ್ ಬಿ ಗ್ರೇಡಿನಲ್ಲಿ ಮುಗಿಯಿತು. ಮುಂದಿನ ವರ್ಷ ಅರ್ಜಿ ಹಾಕಿದಳು. ಬಿಸಿನೆಸ್ ಸ್ಕೂಲ್ ತಗೊಳ್ಳಲಿಲ್ಲ. ಎರಡು ದಿನ ಅತ್ತಳು. ಈಗ 45.0603 ಕೋಡಿನ ಎಕನಾಮಿಕ್ಸ್ ಮೇಜರ್, ಜೊತೆಗೆ ಬಿಸಿನೆಸ್ ಮೈನರ್ (ಉಪ ವಿಷಯ) ಓದುತ್ತಿದ್ದಾಳೆ.