ನಿಲ್ದಾಣದಿಂದ ಕಾಫಿಯವರೆಗೆ

ಮಾನ್ಯರೇ,

ಸ್ಯಾನ್ ಫ್ರಾನ್ಸಿಸ್ಕೋದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಬಸವನಗುಡಿಯಲ್ಲಿ ಬೆಳೆದ ನೀವು ಈಗ ಅಲ್ಲಿನ ಇನ್ನರ್ ಸನ್‌ಸೆಟ್ ಬಡಾವಣೆಯಲ್ಲಿದ್ದೀರಿ. ಸಂಜೆ ಎನ್ ಜೂಡಾ ಎಂಬ ಟ್ರಾಮ್ ರೈಲಿನಿಂದ ಒಂಬತ್ತನೇ ಅವೆನ್ಯೂ ಸ್ಟಾಪಿನಲ್ಲಿ ಇಳಿದರೆ ನಾಲ್ಕು ಹೆಜ್ಜೆಗೆ ಕೆಫೆ, ನಿಮ್ಮ ಮುಖ ಕಂಡ ಕೂಡಲೇ ಅಲ್ಲಿನವರು ಕಪ್ಪು ಕೈಗೆತ್ತಿಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ರಜೆಗೆ ಬಂದಾಗ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು, ಅಂಥದ್ದೇನೂ ಕಾಣದೆ, ‘ನಮ್ಮ ಮೆಟ್ರೋ ಈ ಸಂಸ್ಕೃತಿಯನ್ನು ಯಾಕೆ ತರಲಿಲ್ಲ?’ ಎಂದು ಕೇಳಿದ್ದೀರಿ.

ಮೆಟ್ರೋ ಅದನ್ನು ತರಬೇಕಾಗಿರಲಿಲ್ಲ, ಅದು ಇಲ್ಲೇ ಇತ್ತು. ನೀವಿರುವ ಸನ್‌ಸೆಟ್ ಪ್ರದೇಶದ ಬಹುಭಾಗ ಒಂದು ಕಾಲಕ್ಕೆ ಮರಳು ದಿಣ್ಣೆ. 1928ರ ಅಕ್ಟೋಬರಿನಲ್ಲಿ ಗುಡ್ಡದಡಿಯ ಸುರಂಗ ಹಾಯ್ದು ಎನ್ ಜೂಡಾ ಕಡಲ ದಂಡೆಯವರೆಗೆ ಓಡತೊಡಗಿದ ಮೇಲೆ ಹಳಿಯ ಆಚೀಚೆ ಮನೆಗಳು ಒತ್ತೊತ್ತಾಗಿ ಎದ್ದವು. ಮುಂದೆ ಆ ನಗರದಲ್ಲಿ ಎಷ್ಟೋ ಟ್ರಾಮ್ ಮಾರ್ಗಗಳನ್ನು ಕಿತ್ತು ಬಸ್ಸು ಬಿಟ್ಟಾಗಲೂ ಇದು ಉಳಿದದ್ದು ಬಹುಮಟ್ಟಿಗೆ ಆ ಸುರಂಗದ ದೆಸೆಯಿಂದ. ಬಸವನಗುಡಿಯ ಕಥೆ ತಿರುಗುಮುರುಗು. ಗಾಂಧಿ ಬಜಾರಿನ ಹೋಟೆಲು ವಿದ್ಯಾರ್ಥಿ ಭವನ 1943ರದ್ದು, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ನ್ಯಾಷನಲ್ ಕಾಲೇಜಿಗೆ ಹಸಿರು ಮಾರ್ಗದ ರೈಲು ಬಂದದ್ದು 2017ರ ಜೂನಿನಲ್ಲಿ. ಗಾಂಧಿ ಬಜಾರಿನ ಕಾಫಿ ರೈಲಿಗಿಂತ ಎಪ್ಪತ್ನಾಲ್ಕು ವರ್ಷ ಹಿರಿದು.

ಹಾಗಾದರೆ ನಿಮಗೇಕೆ ಕಾಣಲಿಲ್ಲ? ಪತ್ರ ಓದಿದ ಮರುದಿನ ನಾನೂ ಅದೇ ನಿಲ್ದಾಣದಲ್ಲಿ ಇಳಿದೆ. ನಿಮ್ಮ ರೈಲು ರಸ್ತೆಯ ಮೇಲೇ ಓಡುತ್ತದೆ. ಸನ್‌ಸೆಟ್‌ನ ಎಷ್ಟೋ ಸ್ಟಾಪುಗಳಿಗೆ ಪ್ಲಾಟ್‌ಫಾರ್ಮ್ ಕೂಡ ಇಲ್ಲ, ಕಂಬಕ್ಕೆ ಬಳಿದ ಬಣ್ಣವೇ ಗುರುತು. ಬಾಗಿಲು ತೆರೆದರೆ ನೀವು ಬೀದಿಯಲ್ಲಿರುತ್ತೀರಿ, ಅಂಗಡಿಯವನ ಕಣ್ಣೆದುರು. ನಮ್ಮ ರೈಲು ಇಲ್ಲಿ ಮಹಡಿಗಳ ಎತ್ತರದಲ್ಲಿದೆ. ಎಸ್ಕಲೇಟರ್, ಗೇಟು, ಮತ್ತೆ ಮೆಟ್ಟಿಲು ದಾಟಿ ಕೆಳಗೆ ಬಂದವರಿಗೆ ಎದುರಾಗುವುದು ವಾಣಿವಿಲಾಸ ರಸ್ತೆಯ ವಾಹನಗಳ ಹೊಳೆ. ಅಲ್ಲಿಂದ ಗಾಂಧಿ ಬಜಾರಿಗೆ ನಡೆದರೆ ಹತ್ತು–ಹನ್ನೆರಡು ನಿಮಿಷ, ಅಷ್ಟೇ. ಆದರೆ ನನ್ನ ಮುಂದೆ ಕೋಲೂರಿಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ರಸ್ತೆ ದಾಟಲಾರದೆ ಸುಮಾರು ಹೊತ್ತು ನಿಂತರು. ಕೊನೆಗೆ ಆಟೋ ಹತ್ತಿದರು. ಆ ಹಿರಿಯರ ಪಾಲಿಗೆ ಅವತ್ತು ಗಾಂಧಿ ಬಜಾರು ಇರಲಿಲ್ಲ. ನನಗೆ ಸಂಕಟವಾದದ್ದು ಅಲ್ಲಿ.

ಫುಟ್‌ಪಾತ್ ಸರಿಯಿದ್ದರೆ ಏನಾಗುತ್ತದೆಂದು ನೋಡಬೇಕಾದರೆ ಎಂ.ಜಿ. ರೋಡ್ ನಿಲ್ದಾಣದಲ್ಲಿ ಇಳಿದು ಚರ್ಚ್ ಸ್ಟ್ರೀಟಿಗೆ ಹೋಗಿ. 2018ರಲ್ಲಿ ಆ ಬೀದಿಗೆ ಕಲ್ಲು ಹಾಸಿ, ನಡೆಯುವವರಿಗೆ ಜಾಗ ಮಾಡಿಕೊಟ್ಟರು. ಸಂಜೆ ಅಲ್ಲಿ ಜನ ರೈಲಿಳಿದು ಪುಸ್ತಕದಂಗಡಿಗೆ, ಅಲ್ಲಿಂದ ಕಾಫಿಗೆ, ಮತ್ತೆ ರೈಲಿಗೆ ನಡೆದೇ ಹೋಗುತ್ತಾರೆ. ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಬಂದು ಸೇರಿದ್ದೂ ಇದೇ ಬೀದಿಗೆ. ಮೆಟ್ರೋದಿಂದಾಗಿ ಅದು ಅಲ್ಲಿಂದ ತೆರವಾಯಿತೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ; ಕಟ್ಟಡದ ವ್ಯಾಜ್ಯದಿಂದ ಜಾಗ ಬಿಡಬೇಕಾಯಿತು.

ಕಾಫಿ ಹೌಸ್ ಎಂದಾಗ ನೆನಪಾಯಿತು. ಒಂಬತ್ತನೇ ಅವೆನ್ಯೂದ ಅರಿಜ್‌ಮೆಂಡಿ ಬೇಕರಿಯಲ್ಲಿ ಕೆಲಸಗಾರರೇ ಮಾಲೀಕರು ಎಂಬುದು ನಿಮಗೆ ಬೆರಗು ತಂದಿದೆ. ನಮ್ಮಲ್ಲೂ ಅದು ಹೊಸದಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲೇ.

‘ನಿಂತು ಕುಡಿಯುವ ದರ್ಶಿನಿ ಕೆಫೆಯಲ್ಲ’ ಎಂದಿದ್ದೀರಿ. ಇದನ್ನು ಒಪ್ಪಲಾರೆ. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ತೆರೆದಾಗಿನಿಂದ ಆ ಎತ್ತರದ ಮೇಜುಗಳ ಸುತ್ತ ನಡೆದಿರುವ ಮಾತುಕತೆ ಕಡಿಮೆಯೇ? ಗುರುತಿಲ್ಲದವರ ಲೋಟದ ಪಕ್ಕ ನಮ್ಮ ಲೋಟ ಇಡುತ್ತೇವೆ. ಬೈಟು ಕಾಫಿ ಹೇಳಿದರೆ ಯಾರೂ ಕೀಳಾಗಿ ನೋಡುವುದಿಲ್ಲ. ಆದರೆ ಹೆಣ್ಣುಮಗಳೊಬ್ಬಳು ಒಂದು ಕಾಫಿ ತೆಗೆದುಕೊಂಡು, ಪುಸ್ತಕ ಬಿಚ್ಚಿ, ಒಬ್ಬಳೇ ಒಂದು ಗಂಟೆ ಕೂರುವ ಜಾಗ ಬೇಕೆಂದು ಬರೆದಿದ್ದೀರಲ್ಲ, ಅಲ್ಲಿ ನಿಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ದರ್ಶಿನಿಯಲ್ಲಿ ಅದು ಆಗದು. ವಿದ್ಯಾರ್ಥಿ ಭವನದಲ್ಲಿ ಬೆನ್ನ ಹಿಂದೆ ದೋಸೆಗೆ ಕಾದವರ ಸಾಲಿರುತ್ತದೆ. ಕೂರಲು ಬಿಡುವ ಹೊಸ ಕೆಫೆಗಳಲ್ಲಿ ಒಂದು ಕಪ್ಪಿನ ಬೆಲೆ ಎಲ್ಲರ ಕೈಗೆಟಕುವುದಿಲ್ಲ. ನಿಲ್ದಾಣದ ಕೆಳಗಿನ ಖಾಲಿ ಜಾಗಗಳಲ್ಲಿ ಒಂದನ್ನಾದರೂ ಅಂಥ ಸಹಕಾರಿ ಕಾಫಿ ಹೌಸಿಗೆ ಕೊಡಬೇಕೆಂಬುದು ನಿಮ್ಮ ಪತ್ರದಿಂದ ನನಗೆ ಹೊಳೆದದ್ದು. ಅದನ್ನು ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತೇನೆ.

ಕೊನೆಯಲ್ಲಿ, ಡಿಸೆಂಬರಿನಲ್ಲಿ ಬಂದಾಗ ವಿದ್ಯಾರ್ಥಿ ಭವನಕ್ಕೆ ಯಾವತ್ತು ಹೋಗಲಿ ಎಂದು ಕೇಳಿದ್ದೀರಿ. ಶುಕ್ರವಾರ ಬಿಟ್ಟು ಹೋಗಿ, ಅವತ್ತು ಅವರಿಗೆ ರಜೆ.

– ಸಂಪಾದಕ