ಬುಲೆಟ್ ಕ್ಲಚ್ ಜಾರಿದರೆ ಮೊದಲು ಕೇಬಲ್ ನೋಡಿ

ಪ್ರಶ್ನೆ: ಕಾಸ್ಟ್ ಐರನ್ ಎಂಜಿನ್‌ನ, ಬಲಗಡೆ ಗೇರ್ ಇರುವ 1998ರ ಬುಲೆಟ್ 350 ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇನೆ. ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಭೋರಿಡುತ್ತದೆ, ಗಾಡಿ ಎಳೆಯುವುದಿಲ್ಲ. ಒಮ್ಮೊಮ್ಮೆ ಕಿಕ್ ಕೂಡ ಜಾರುತ್ತದೆ. ಕ್ಲಚ್ ಪ್ಲೇಟ್ ಮನೆಯಲ್ಲೇ ಬದಲಿಸಬಹುದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬದಲಿಸಬಹುದು. ಆದರೆ ಪ್ಲೇಟ್ ಕೊಳ್ಳುವ ಮುಂಚೆ ಕ್ಲಚ್ ಲಿವರ್ ಮುಟ್ಟಿ ನೋಡಿ. ಲಿವರ್‌ಗೂ ಅದರ ಬ್ರಾಕೆಟ್‌ಗೂ ನಡುವೆ 2–3 ಮಿ.ಮೀ. ಸಡಿಲ ಇರಲೇಬೇಕು. ಕೇಬಲ್ ಬಿಗಿಯಾಗಿದ್ದರೆ ಪುಶ್ ರಾಡ್ (ಪ್ಲೇಟುಗಳನ್ನು ಒತ್ತಿ ಬಿಡಿಸುವ ಕಂಬಿ) ಸದಾ ಅವುಗಳನ್ನು ಅರ್ಧ ಬಿಡಿಸಿಯೇ ಇಟ್ಟಿರುತ್ತದೆ, ಒಳ್ಳೆಯ ಪ್ಲೇಟೂ ಜಾರುತ್ತದೆ. ಎಷ್ಟೋ ಗಾಡಿಗಳಿಗೆ ಸುಮ್ಮನೆ ಹೊಸ ಪ್ಲೇಟ್ ಬೀಳುವುದು ಇದನ್ನು ನೋಡದ್ದಕ್ಕೇ.

ಬುಲೆಟ್‌ನಲ್ಲಿ ಕಿಕ್‌ನ ಬಲ ಕ್ಲಚ್ ಮೂಲಕವೇ ಎಂಜಿನ್‌ಗೆ ಹೋಗುತ್ತದೆ. ಕಂಪ್ರೆಷನ್ ಸಿಕ್ಕಿದಾಗ ಕಿಕ್ ಮೆತ್ತಗೆ, ಬೆಣ್ಣೆಯಂತೆ ಇಳಿದರೆ ಕ್ಲಚ್ ಜಾರುತ್ತಿದೆ. ಕಟಕ್ ಎಂದು ಹಲ್ಲು ಹಾರಿದಂತಾದರೆ ಅದು ಕಿಕ್ ರ‍್ಯಾಚೆಟ್ (ಕಿಕ್ಕನ್ನು ಹಿಡಿದುಕೊಳ್ಳುವ ಹಲ್ಲುಚಕ್ರ) ಸವೆತ, ಪ್ಲೇಟಿಗೆ ಸಂಬಂಧವಿಲ್ಲ.

ಕೇಬಲ್ ಸರಿಯಿದ್ದೂ ಜಾರಿದರೆ ಬಿಚ್ಚಿ. ಎಡಗಡೆಯ ಫುಟ್‌ರೆಸ್ಟ್ ತೆಗೆದು, ಬ್ರೇಕ್ ಪೆಡಲ್ ಸರಿಸಿ, ಕೆಳಗೆ ಟ್ರೇ ಇಟ್ಟು, ಚೈನ್‌ಕೇಸ್ (ಪ್ರೈಮರಿ ಚೈನ್ ಮತ್ತು ಕ್ಲಚ್ ಇರುವ ಪೆಟ್ಟಿಗೆ) ನಡುವಿನ ಒಂದೇ ನಟ್ ಬಿಚ್ಚಿದರೆ ಕವರ್ ಬರುತ್ತದೆ. ಅಂಚಿನ ರಬ್ಬರ್ ರಿಂಗ್ ಹೊಸದೇ ಹಾಕಿ. ಮೂರು ಸ್ಪ್ರಿಂಗ್ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಂತೆ ಸಡಿಲಿಸಿ. ಸ್ಪ್ರಿಂಗ್‌ಗಳ ಒಳಗಿನ ಪುಟ್ಟ ಕೊಳವೆಗಳನ್ನು ಕಳೆಯಬೇಡಿ. ಪ್ಲೇಟುಗಳು ಬಂದ ಕ್ರಮವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.

ಈಗ ಪ್ಲೇಟ್ ನೋಡಿ. ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಗಾಜಿನಂತೆ ಹೊಳೆಯುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಕಥೆ ಮುಗಿದಂತೆ. ಚಪ್ಪಟೆ ಇರಬೇಕಾದ ಸ್ಟೀಲ್ ಪ್ಲೇಟುಗಳನ್ನು ದಪ್ಪ ಗಾಜಿನ ಮೇಲಿಟ್ಟು ಅಂಚು ಒತ್ತಿ. ಟಕ್ ಎಂದು ಅಲ್ಲಾಡಿದರೆ ಅದು ಬಾಗಿದೆ, ನೀಲಿಗಟ್ಟಿದ್ದರೆ ವಿಪರೀತ ಕಾದಿದೆ. ಪ್ಲೇಟಿನ ಹಲ್ಲು ಕೂರುವ ಸಂದುಗಳಲ್ಲಿ ಗುಂಡಿ ಬಿದ್ದಿದ್ದರೆ ಅರದಿಂದ ಲಘುವಾಗಿ ಉಜ್ಜಿ, ಇಲ್ಲದಿದ್ದರೆ ಪ್ಲೇಟ್ ಅಲ್ಲಿ ಸಿಕ್ಕಿಕೊಂಡು ಕ್ಲಚ್ ಪೂರ್ತಿ ಬಿಡುವುದಿಲ್ಲ. ಮೂರೂ ಸ್ಪ್ರಿಂಗ್ ಒಟ್ಟಿಗೇ ಬದಲಿಸಿ, ಹಳೆಯವು ಕುಗ್ಗಿರುತ್ತವೆ.

ಕೂರಿಸುವಾಗ ಸ್ಕ್ರೂಗಳು ಕೊಳವೆಗೆ ತಾಗುವವರೆಗೂ ಬಿಗಿಯಾಗಲಿ. ನಂತರ ಲಿವರ್ ಹಿಡಿದು ಕಿಕ್ ಒತ್ತಿ ನೋಡಿ: ಎಲ್ಲಕ್ಕಿಂತ ಹೊರಗಿನ ಪ್ಲೇಟ್ ತಟ್ಟೆಯಂತೆ ಸಮವಾಗಿ ತಿರುಗಬೇಕು. ಓಲಾಡಿದರೆ ಸ್ಪ್ರಿಂಗ್‌ಗಳ ಜಾಗ ಅದಲುಬದಲು ಮಾಡಿ. ಕವರ್ ಮುಚ್ಚುವ ಮುಂಚೆ ಪ್ರೈಮರಿ ಚೈನ್ (ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಚೈನ್) ಕೂಡ ನೋಡಿಬಿಡಿ, ಬಿಗಿಯಾದ ಜಾಗದಲ್ಲಿ 6 ಮಿ.ಮೀ. ಆಟ ಸಾಕು. ಎಣ್ಣೆಯನ್ನು ಲೆವೆಲ್ ಸ್ಕ್ರೂ ತೂತಿನಿಂದ ತೊಟ್ಟಿಕ್ಕುವವರೆಗೆ ಮಾತ್ರ ಹಾಕಿ, ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ನೇರ ನಿಂತಿರಲಿ. ಜಾಸ್ತಿ ಸುರಿದರೆ ಪ್ಲೇಟ್ ನೆಂದು ಮತ್ತೆ ಜಾರುತ್ತದೆ. ಕಾರಿನ ಎಣ್ಣೆ ಬೇಡವೇ ಬೇಡ, ಡಬ್ಬದ ಮೇಲೆ ಜಾಸೊ ಎಂಎ (JASO MA, ಎಣ್ಣೆಯಲ್ಲಿ ಮುಳುಗುವ ಕ್ಲಚ್‌ಗೆ ಒಗ್ಗುವ ಬೈಕ್ ಎಣ್ಣೆಯ ಗುರುತು) ಎಂದಿರಲಿ.

ಪ್ರಶ್ನೆ: ಬುಲೆಟ್‌ನ ಚೈನ್‌ಕೇಸ್ ಎಣ್ಣೆ ತಾನಾಗಿಯೇ ಏರುತ್ತಿದೆ, ಹೊಸ ಪ್ಲೇಟೂ ಜಾರುತ್ತಿದೆ. ಏಕೆ?
– ಓದುಗರು, ಹಾಸನ

ಉತ್ತರ: ಎಂಜಿನ್ ಎಣ್ಣೆ ಕ್ರ್ಯಾಂಕ್‌ನ ಎಡಬದಿಯ ಆಯಿಲ್ ಸೀಲ್ ದಾಟಿ ಬರುತ್ತಿದೆ. ಎಂಜಿನ್ ಬ್ರೀದರ್ ಪೈಪ್ (ಒಳಗಿನ ಗಾಳಿ ಹೊರಹೋಗುವ ಕೊಳವೆ) ಕಟ್ಟಿಕೊಂಡಿದ್ದರೂ ಒಳಗಿನ ಒತ್ತಡ ಎಣ್ಣೆಯನ್ನು ಅತ್ತ ದೂಡುತ್ತದೆ, ಆದ್ದರಿಂದ ಮೊದಲು ಪೈಪ್ ಶುಚಿ ಮಾಡಿ. ಆಮೇಲೂ ಏರಿದರೆ ಸೀಲ್ ಬದಲಿಸಿ. ಎಣ್ಣೆಯಲ್ಲಿ ನೆಂದ ಆ ಹೊಸ ಪ್ಲೇಟುಗಳನ್ನು ಎಸೆಯಬೇಡಿ. ಪೆಟ್ರೋಲ್‌ನಲ್ಲಿ ತೊಳೆದು, ಒಣಗಿಸಿ, ಸಣ್ಣ ಎಮರಿ ಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ ಹಾಕಿ.